ಬಾಣ ಭುಜಕ್ಕೆ ತಗುಲಿತು

ಹೊಲಿಗೆ ಮನೆ, ಮಹಡಿಯ ಮೇಲೆ
ಹನ್ನೊಂದನೇ ತಾರೀಖು, ಮಂಗಳವಾರ

ಪ್ರೀತಿಯ ಬೆಕ್ಕಣ್ಣನಿಗೆ,

ನಿನ್ನ ದೊಡ್ಡಮ್ಮನ ಆಶೀರ್ವಾದಗಳು. ಹೇಗಿದ್ದೀಯ? ಬೆನ್ನು ನೋವು ಕಡಿಮೆಯಾಯಿತೇ? ಕೂತು ಬರೆಯುವವರಿಗೂ ಕೂತು ಹೊಲಿಯುವವರಿಗೂ ನೋವು ಬರುವ ಜಾಗ ಒಂದೇ, ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ ಇಲ್ಲವೋ ಎಂದು ಕತ್ತರಿ ಚಿಕ್ಕಮ್ಮ ಕೇಳುತ್ತಿದ್ದಾಳೆ. ಅವಳು ಗಟ್ಟಿಮುಟ್ಟಾಗಿದ್ದಾಳೆ, ಹತ್ತು ಪದರ ಬಟ್ಟೆಯನ್ನು ಒಟ್ಟಿಗೆ ಕತ್ತರಿಸಿದರೂ ಗೆರೆ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ನನ್ನ ಕೈ ಮಾತ್ರ ಮೊದಲಿಗಿಂತ ಹೆಚ್ಚು ನಡುಗುತ್ತದೆ, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ. ಕ್ಷೇಮ ಸಮಾಚಾರ ಇಲ್ಲಿಗೆ ಮುಗಿಯಿತು. ಇನ್ನು ಮುಂದೆ ಇರುವುದು ಬೈಗುಳ, ಆದ್ದರಿಂದ ಚಹಾ ಲೋಟ ಕೆಳಗಿಟ್ಟು ಓದು.

ಮಧ್ಯಾಹ್ನ ಮೂರಕ್ಕೆ ನಮ್ಮಲ್ಲಿ ಮಿಷನ್ನುಗಳೆಲ್ಲ ನಿಂತು ಗುಂಡಿ ಹೊತ್ತು ಶುರುವಾಗುವುದನ್ನು ನೀನು ಚಿಕ್ಕಂದಿನಿಂದ ನೋಡಿದ್ದೀಯ. ಹದಿನಾಲ್ಕು ಜನ ಹೆಂಗಸರು ಆಸ್ಪತ್ರೆಯ ಬಿಳಿ ಕೋಟುಗಳನ್ನು ತೊಡೆಯ ಮೇಲೆ ಹರಡಿಕೊಂಡು ಕೈಯಿಂದ ಗುಂಡಿ ಹೊಲಿಯುತ್ತಾರೆ. ಸೂಜಿಗೆ ದಾರ ಪೋಣಿಸಲಾಗದ ನಾನು ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು ಗಟ್ಟಿಯಾಗಿ ಪುಸ್ತಕ ಓದುತ್ತೇನೆ. ಹೋದ ವರ್ಷದಿಂದ ಓದುತ್ತಿರುವುದು ನಿನ್ನದನ್ನೇ, ತೇಲುವ ದ್ವೀಪಗಳ ಕಥೆಯನ್ನು. ಮೊದಲ ಭಾಗದಲ್ಲಿ ಗಾಳಿಹಡಗಿನ ನಾವಿಕ ಆ ಹಾಯಿ ಹೊಲಿಯುವವನ ಕೈ ಹಿಡಿದಾಗ ಇಲ್ಲಿ ಕೆಲವರು ಮೂಗು ಮುರಿದರು. ನಾನು ಓದುವುದನ್ನು ನಿಲ್ಲಿಸಲಿಲ್ಲ. ಎರಡನೇ ಭಾಗ ಮುಗಿಯುವಷ್ಟರಲ್ಲಿ ಹಾಯಿಗಾರ ಇವರ ಮನೆಮಗನೇ ಆಗಿಬಿಟ್ಟಿದ್ದ. ಹೊಲಿಯುವವನಲ್ಲವೇ, ನಮ್ಮ ಜಾತಿಯವನು! ಅವನು ಹಾಕಿದ ಹೊಲಿಗೆಯಲ್ಲಿ ಒಂದು ಕಡೆ ತಪ್ಪು ಇದೆ, ಹಾಯಿಯ ಅಂಚನ್ನು ಒಂದೇ ಸಲ ಮಡಚಿದರೆ ಗಾಳಿಗೆ ಹರಿಯುತ್ತದೆ ಎಂದು ಇವರು ಜಗಳ ಕಾದಿದ್ದನ್ನು ನಿನಗೆ ಬರೆದಿದ್ದೆನಲ್ಲ.

ಈಗ ಮೂರನೇ ಭಾಗಕ್ಕೆ ಬರೋಣ. ಇನ್ನೂರ ಹನ್ನೆರಡನೇ ಪುಟ. ಹಿಂದಿನ ಪುಟದಲ್ಲಷ್ಟೇ ಇಬ್ಬರೂ ಅಲೆದದ್ದು ಸಾಕು, ಪುಟ್ಟ ದ್ವೀಪವೊಂದರಲ್ಲಿ ಮನೆ ಮಾಡೋಣ ಎಂದು ನಿರ್ಧರಿಸಿದ್ದಾರೆ. ಇವರೆಲ್ಲ ಖುಷಿಯಿಂದ ಮನೆಗೆ ಎಷ್ಟು ಕಿಟಕಿ ಇರಬೇಕೆಂದು ಚರ್ಚಿಸುತ್ತಿದ್ದಾರೆ. ನಾನು ಹಾಳೆ ತಿರುಗಿಸಿ ಎರಡು ಸಾಲು ಮುಂದೆ ಕಣ್ಣಾಡಿಸಿದೆ. ಅಲ್ಲಿ ಎಲ್ಲಿಂದಲೋ ಒಂದು ಬಾಣ ಬಂದು ಹಾಯಿಗಾರನ ಎದೆಗೆ ನಾಟಿತ್ತು. ತಲೆಯೆತ್ತಿದೆ. ಹದಿನಾಲ್ಕು ಸೂಜಿಗಳು ಗಾಳಿಯಲ್ಲೇ ನಿಂತಿದ್ದವು. ಏನು ಮಾಡಿದೆ ಗೊತ್ತೇ? “ಬಾಣ ಭುಜಕ್ಕೆ ತಗುಲಿತು. ಗಾಯ ಅಷ್ಟೇನೂ ಆಳವಾಗಿರಲಿಲ್ಲ” ಎಂದು ಓದಿಬಿಟ್ಟೆ.

ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಎನ್ನುತ್ತಾರಲ್ಲ, ಆಮೇಲೆ ಇದ್ದದ್ದು ನೂರ ನಲವತ್ತು ಪುಟ! ಸತ್ತವನನ್ನು ನೆನೆದು ನಾವಿಕ ಅತ್ತ ಎಂದು ನೀನು ಬರೆದ ಕಡೆಯಲ್ಲೆಲ್ಲ ನಾನು ನಗಿಸಬೇಕು, ಒಂಟಿಯಾಗಿ ಹೊರಟ ಎಂದ ಕಡೆಯಲ್ಲೆಲ್ಲ ಜೊತೆಗೆ ಇವನನ್ನೂ ಹತ್ತಿಸಬೇಕು. ಬದುಕಿ ಉಳಿದವನಿಗೆ ಮಾಡಲು ಏನಾದರೂ ಕೆಲಸ ಬೇಡವೇ? ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಹಡಗೆಲ್ಲ ಹುಡುಕಿಸಿದೆ. ಮೊಣಕಾಲು ನೋವೆಂದು ಗೊಣಗಿಸಿದೆ. ರಾಕ್ಷಸರ ಜೊತೆ ಯುದ್ಧ ನಡೆಯುವಾಗ ನಾವಿಕನೊಡನೆ ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂದು ಜಗಳ ಆಡಿಸಿದೆ. ಅದನ್ನು ಓದುವಾಗ ಕತ್ತರಿ ಚಿಕ್ಕಮ್ಮ ಮೇಜಿನ ಆಚೆಯಿಂದ “ನಾನ್ಯಾವಾಗ ಕಿಟಕಿ ಮುಚ್ಚಿದ್ದು?” ಎಂದು ಗುಡುಗಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು! ಎಲ್ಲರೂ ಅವಳ ಕಡೆ ತಿರುಗಿದರು, ನಾನು ಬೇಗ ಬೇಗ ಮುಂದಿನ ಸಾಲಿಗೆ ಓಡಿದೆ. ಒಟ್ಟು ಪುಸ್ತಕದಲ್ಲಿ ಈ ಗೊಣಗಾಟ, ಜಗಳಗಳೇ ಎಲ್ಲಕ್ಕಿಂತ ಚೆನ್ನಾಗಿವೆ ಎಂದು ಇವರೆಲ್ಲ ನಿನ್ನನ್ನು ಹೊಗಳಿದರು. ಆ ಹೊಗಳಿಕೆಯನ್ನು ನಾನೇ ಇಟ್ಟುಕೊಂಡಿದ್ದೇನೆ, ನಿನಗೆ ಕಳಿಸುವುದಿಲ್ಲ.

ಸಿಕ್ಕಿಬಿದ್ದದ್ದು ಹೋದ ವಾರ. ಕಾಲರ್ ಹೊಲಿಯುವವಳು ಇನ್ನೊಂದು ಸಲ ಓದುವ ಆಸೆಯಿಂದ ಶನಿವಾರ ಹೇಳದೆ ಕೇಳದೆ ಪುಸ್ತಕವನ್ನು ಮನೆಗೆ ಒಯ್ದಿದ್ದಳು. ಸೋಮವಾರ ಬಾಗಿಲಲ್ಲೇ ನಿಂತು, ಕಣ್ಣು ಕೆಂಪಗೆ ಮಾಡಿಕೊಂಡು, “ಸತ್ತೋಗಿದಾನಲ್ಲಕ್ಕಾ! ಭುಜಕ್ಕಲ್ಲ, ಎದೆಗೆ!” ಎಂದು ಕೂಗಿದಳು. ನಾನು ತಪ್ಪೊಪ್ಪಿಕೊಂಡೆ. ಯಾಕೆ ಸಾಯಿಸಿದ ಎಂದು ಎಲ್ಲರೂ ಮುತ್ತಿದಾಗ ಆ ಬಾಣದ ಬಗ್ಗೆ ನಾನು ಆಗಲೇ ಗುಟ್ಟಾಗಿ ಕೇಳಿದ್ದಕ್ಕೆ ನೀನು ಬರೆದ ಪತ್ರವನ್ನೇ ತೆಗೆದು ಓದಿದೆ. ಇಬ್ಬರು ಗಂಡಸರು ಕೊನೆಯವರೆಗೆ ಸುಖವಾಗಿದ್ದರೆ ಓದುಗರು ಒಪ್ಪುವುದಿಲ್ಲ, ಒಬ್ಬ ಸತ್ತರೆ ಕಣ್ಣೊರೆಸಿಕೊಂಡು ಒಪ್ಪುತ್ತಾರೆ ಎಂದು ನಿನ್ನ ಪ್ರಕಾಶಕರು ಹೇಳಿದ್ದಕ್ಕೆ ಹೂಂ ಎಂದು ತಲೆಯಾಡಿಸಿದ್ದಾಗಿ ನೀನು ಬರೆದಿದ್ದೆಯಲ್ಲ, ಅದೇ ಪತ್ರ.

ಆಗ ಎದ್ದ ಗಲಾಟೆಯನ್ನು ಹೇಗೆ ಬರೆಯಲಿ? “ಯಾರು ಆ ಓದುಗರು? ನಾವಲ್ವಾ?” ಎಂದು ಒಬ್ಬಳು. ಕೊಕ್ಕೆ ಹಾಕುವ ಅಜ್ಜಿ, ಅಂದು ಎಲ್ಲರಿಗಿಂತ ಹೆಚ್ಚು ಮೂಗು ಮುರಿದವಳು, ಏನೆಂದಳು ಕೇಳು: “ಮೊದ್ಲು ನಂಗೂ ಸರಿಬರ್ಲಿಲ್ಲ, ಸುಳ್ಯಾಕೆ ಹೇಳ್ಲಿ. ಆ ಹುಡ್ಗ ರಾತ್ರಿಯೆಲ್ಲಾ ಕೂತು ನಾವಿಕನ ಕೋಟಿಗೆ ತೇಪೆ ಹಾಕಿದ್ನಲ್ಲಾ, ಅವತ್ತು ಒಪ್ಕೊಂಡೆ. ಕಷ್ಟಪಟ್ಟು ಒಪ್ಕೊಂಡ ಮೇಲೆ ಹೆಣ ಕೈಗೆ ಕೊಡ್ತಾನಾ ನಿನ್ ಮಗ?” ಉತ್ತರ ನಿನ್ನಲ್ಲಿದ್ದರೆ ಅಜ್ಜಿಗೆ ನೇರವಾಗಿ ಬರೆ.

ಬೆಕ್ಕಣ್ಣಾ, ಸಿಟ್ಟು ನಿನ್ನೊಬ್ಬನ ಮೇಲಲ್ಲ. ನಿನ್ನ ಪುಸ್ತಕದ ಹುಚ್ಚು ಹತ್ತಿದ ಮೇಲೆ ನಾನು ಗ್ರಂಥಾಲಯದಿಂದ ಅಂಥವನ್ನೇ ತಂದು ತಂದು ಓದಿದೆ. ಹೆಂಗಸನ್ನು ಪ್ರೀತಿಸಿದ ಹೆಂಗಸನ್ನು ಒಂದರಲ್ಲಿ ಮೋಡ ನುಂಗಿತು. ಇನ್ನೊಂದರಲ್ಲಿ ಅವಳೇ ಖಳನಾಯಕಿ. ಮತ್ತೊಂದರಲ್ಲಿ ಇಬ್ಬರು ಗಂಡಸರು ಆರುನೂರು ಪುಟ ಒಬ್ಬರಿಗಾಗಿ ಒಬ್ಬರು ಪ್ರಾಣ ಬಿಡುತ್ತಾರೆ, ಕೊನೆಗೆ ನೋಡಿದರೆ ‘ಆಪ್ತ ಸ್ನೇಹಿತರು’. ಅಲ್ಲಯ್ಯಾ, ನೀವೆಲ್ಲ ಬರೆಯುವ ಲೋಕಗಳಲ್ಲಿ ಕಲ್ಲು ಮಾತಾಡುತ್ತದೆ, ಸತ್ತ ರಾಜ ಎದ್ದು ಬಂದು ಸಿಂಹಾಸನ ಏರುತ್ತಾನೆ, ಆರು ಕಾಲಿನ ಕುದುರೆ ನಕ್ಷತ್ರ ಮೇಯುತ್ತದೆ. ಅದನ್ನೆಲ್ಲ ಓದುಗರು ನಂಬುತ್ತಾರಂತೆ. ಇಬ್ಬರು ಸೂರ್ಯರಿಗೆ ಜಾಗವಿರುವ ಆಕಾಶದ ಕೆಳಗೆ ಇಬ್ಬರು ಗಂಡಸರಿಗೆ ಒಂದು ಮನೆ ಮಾತ್ರ ನಂಬಲಾಗದ ಸಂಗತಿಯೇ? ಇಲ್ಲದ ಲೋಕವನ್ನೇ ಕಟ್ಟಲು ಕೂತವನು ಇಲ್ಲಿಯ ಹೆದರಿಕೆಯನ್ನು ಯಾಕೆ ಗಂಟು ಕಟ್ಟಿಕೊಂಡು ಅಲ್ಲಿಗೆ ಒಯ್ಯಬೇಕು? ನನಗೆ ನಾಚಿಕೆಯಾಯಿತು, ನಿನ್ನ ಬಗ್ಗೆ. ಬರೆದುಬಿಟ್ಟೆ, ಇನ್ನು ಅಳಿಸುವುದಿಲ್ಲ.

ನಾಲ್ಕನೇ ಭಾಗದಲ್ಲಿ ಅವನನ್ನು ಬದುಕಿಸು. ಹೇಗೆ ಎಂಬುದು ನಿನ್ನ ಪಾಡು, ರಾಜರನ್ನು ಎಬ್ಬಿಸುವ ಮೂಲಿಕೆ ಹಾಯಿಗಾರನಿಗೂ ನಾಟೀತು. ಬದುಕಿಸಿ ವೀರನನ್ನಾಗಿ ಮಾಡಬೇಡ. ಮುದುಕನನ್ನಾಗಿ ಮಾಡು. ಹಲ್ಲು ಬೀಳಲಿ, ಕಿವಿ ಮಂದವಾಗಲಿ, ಒಬ್ಬರ ಔಷಧಿಯನ್ನು ಇನ್ನೊಬ್ಬರು ನೆನಪಿಸಲಿ. ಅಂಥ ಪುಟ ಒಂದನ್ನೂ ನಾನು ಇಲ್ಲಿಯವರೆಗೆ ಕಂಡಿಲ್ಲ. ನಿನ್ನ ಪ್ರಕಾಶಕರು ಒಪ್ಪದಿದ್ದರೆ ಗುಂಡಿ ಹೊತ್ತಿಗೆ ಅವರನ್ನೇ ಇಲ್ಲಿಗೆ ಕಳಿಸು, ಕೊಕ್ಕೆ ಅಜ್ಜಿ ಅವರಿಗೆ ತಿಳಿಯುವ ಹಾಗೆ ಹೇಳುತ್ತಾಳೆ.

ಊಟ, ನಿದ್ದೆ ಬಿಡಬೇಡ. ಬೈದಳೆಂದು ಮುನಿಸಿಕೊಂಡು ಪತ್ರ ನಿಲ್ಲಿಸಬೇಡ. ನಿನ್ನಮ್ಮ ಇದ್ದಿದ್ದರೆ ಇದಕ್ಕಿಂತ ಮೆತ್ತಗೆ ಹೇಳುತ್ತಿದ್ದಳು, ಏನು ಮಾಡುವುದು, ನಿನಗೆ ಉಳಿದವಳು ನಾನು. ನೂರು ಕಾಲ ಚೆನ್ನಾಗಿರು.

ಇಂತಿ ನಿನ್ನ,
ದೊಡ್ಡಮ್ಮ

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಅಂಚೆಯವನು ಕೆಳಗೆ ಕಾಯುತ್ತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಅಂದು ಗಲಾಟೆಯ ನಡುವೆ ಕಾಲರ್‌ನವಳು, “ಅವರಿಬ್ರೂ ಬದುಕಿದ್ರೆ ಹಿಂಗೇ ಇರ್ತಾರೆ ಅಂತ ನಿಮಗೆ ಹೆಂಗೆ ಗೊತ್ತಾಯ್ತಕ್ಕಾ?” ಎಂದು ಕೇಳಿದಳು. ಮೂವತ್ತೊಂದು ವರ್ಷದಿಂದ ಇಂಥ ಪ್ರಶ್ನೆಗೆ ‘ಗೆಳತಿ’, ‘ದೂರದ ಸಂಬಂಧ’ ಎಂಬ ಉತ್ತರಗಳು ನನ್ನ ನಾಲಗೆಯ ತುದಿಯಲ್ಲೇ ಇರುತ್ತಿದ್ದವು. ಬಾಯಿ ತೆರೆಯುವ ಮೊದಲೇ ಕತ್ತರಿ ಚಿಕ್ಕಮ್ಮ ಬಟ್ಟೆಯಿಂದ ಕಣ್ಣೆತ್ತದೆ, “ನಾವಿಬ್ರೂ ಹಂಗೇ ಇದೀವಲ್ಲ, ಅದಕ್ಕೆ” ಎಂದಳು. ಮಾರನೆಯ ದಿನ ಇಬ್ಬರು ಕೆಲಸಕ್ಕೆ ಬರಲಿಲ್ಲ. ಒಬ್ಬಳು ಮೂರನೇ ದಿನ ಬಂದು ಏನೂ ಆಗದವಳ ಹಾಗೆ ದಾರ ಕೇಳಿದಳು. ಇನ್ನೊಬ್ಬಳು ಇನ್ನೂ ಬಂದಿಲ್ಲ. ಹದಿನಾಲ್ಕು ಜನಕ್ಕೆ ಗೊತ್ತಾಗಿ ನಿನಗೆ ಹೇಳದೆ ಉಳಿಯಬಾರದು. ಹೇಳದಿದ್ದರೂ ನಿನಗೆ ಗೊತ್ತಿತ್ತು, ನಿನ್ನದೂ ನಮಗೆ ಗೊತ್ತಿತ್ತು. ಹೋದ ಸಲ ನಿನ್ನ ಪುಸ್ತಕಕ್ಕೆ ನಕ್ಷೆ ಬರೆಯುವ ಆ ಹುಡುಗನನ್ನು ಕರೆತಂದಾಗ ನಾಲ್ವರೂ ಮೂರು ದಿನ ಒಬ್ಬರಿಗೊಬ್ಬರು ನಾಟಕ ಆಡಿದೆವು. ಎಲ್ಲ ಗೊತ್ತಿದ್ದೂ ಅವನಿಗೆ ಹೊರಗಿನ ಕೋಣೆಯಲ್ಲಿ ಹಾಸಿದವಳು ನಾನು. ನಿನ್ನ ಪ್ರಕಾಶಕರಿಗಿಂತ ನಾನೇನು ಮೇಲು? ತಪ್ಪಾಯಿತು ಮಗನೇ. ಬರುವ ತಿಂಗಳು ಇಬ್ಬರೂ ಬನ್ನಿ. ಒಳಕೋಣೆಯನ್ನು ಖಾಲಿ ಮಾಡಿದ್ದೇವೆ, ನಿಮ್ಮಿಬ್ಬರಿಗೆ.