ಮೊಳೆಯ ಮೇಲಿನ ಒಂಬತ್ತನೇ ಟೋಕನ್

ಬಂಗಾರಪೇಟೆ
೧೯ ಜನವರಿ ೨೦೨೫, ಭಾನುವಾರ

ಮಗಳು ಹರಿಪ್ರಿಯಾಳಿಗೆ ಅಮ್ಮನ ಆಶೀರ್ವಾದ. ಬೇಡವೆಂದರೂ ಇಟ್ಟುಕೊ, ಕೊಟ್ಟದ್ದನ್ನು ವಾಪಸ್ ಕೇಳುವ ಅಭ್ಯಾಸ ನನಗಿಲ್ಲ.

ಫೋನಿನಲ್ಲಿ ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ. ಅಂಚೆಯಣ್ಣನನ್ನು ಬ್ಲಾಕ್ ಮಾಡುವ ಗುಂಡಿ ಇನ್ನೂ ಬಂದಿಲ್ಲ. ಅದಕ್ಕೇ ಹದಿನೈದು ಕಿಲೋಮೀಟರಿಗೆ ಈ ಕಾಗದ.

ಮೊದಲು ಖರ್ಚು ಹೇಳಿಬಿಡುತ್ತೇನೆ. ಶ್ರೀಶೈಲದ ಪ್ರವಾಸಕ್ಕೆ ತಲೆಗೆ ಮೂರು ಸಾವಿರದ ಇನ್ನೂರು, ಇಪ್ಪತ್ತೆರಡು ತಲೆ. ಮೂರು ದಿನ ನನ್ನ ಸೀರೆ ಅಂಗಡಿಯ ಬಾಗಿಲು ಬಂದ್. ಜೊತೆಗೆ ಬಂದಿದ್ದ ನಮ್ಮ ಬೀದಿಯ ಸುಮಲತಳ ಬಲಗಾಲಿನ ಚಪ್ಪಲಿ ಕೃಷ್ಣೆಯ ಪಾಲು. ಎಡಗಾಲಿನದನ್ನು ಇನ್ನೂ ಎತ್ತಿಟ್ಟುಕೊಂಡಿದ್ದಾಳೆ, ನದಿ ಮನಸ್ಸು ಬದಲಾಯಿಸೀತೆಂದು. ಒಂದು ಡಬ್ಬಿ ಚಿತ್ರಾನ್ನ ಕೋತಿಗಳಿಗೆ. ಮತ್ತೆ, ಇರುವ ಒಬ್ಬಳೇ ಮಗಳ ಮಾತು. ಮಿಕ್ಕಿದ್ದೆಲ್ಲ ವಸೂಲಾಗಿದೆ, ಕೊನೆಯದೊಂದು ಬಾಕಿ.

ನಿನ್ನ ಗಂಡ ಅಂಬರೀಶ ಹೇಳಿಕಳಿಸಿದ ಷರತ್ತುಗಳು ತಲುಪಿವೆ. ಅವನ ತಾಯಿ ಚೌಡಮ್ಮನವರನ್ನು ಕಾಡಿನಲ್ಲಿ ಬಿಟ್ಟುಬಂದದ್ದಕ್ಕೆ ನಾನು ಕ್ಷಮೆ ಕೇಳಬೇಕು, ಅವರನ್ನು ಈ ವಾರವೇ ಚಿನ್ನದ ಗಣಿಯ ನಂದಿದುರ್ಗದಲ್ಲಿರುವ ನಿಮ್ಮ ಮನೆಗೆ ತಂದು ಬಿಡಬೇಕು, ಇನ್ನು ಮುಂದೆ ಎಲ್ಲಿಗೂ ಕರೆದೊಯ್ಯಬಾರದು. ಇಲ್ಲವಾದರೆ ನೀನು ತವರಿನ ಮೆಟ್ಟಿಲು ಹತ್ತುವುದಿಲ್ಲ. ಎಲ್ಲಕ್ಕೂ ನನ್ನ ಉತ್ತರ ಒಂದೇ, ಆಗುವುದಿಲ್ಲ. ಏಕೆಂದು ಓದು.

ಪ್ರವಾಸದ ಪಟ್ಟಿಗೆ ನಿನ್ನ ಅತ್ತೆಯ ಹೆಸರನ್ನು ನಾನಾಗಿ ಬರೆದದ್ದಲ್ಲ. ಕಂತಿನ ಸೀರೆ ಕೊಡಲು ಗಣಿಯವರ ಸಾಲುಮನೆಗಳ ನಿಮ್ಮ ಲೈನಿಗೆ ಬಂದಿದ್ದೆನಲ್ಲ, ಅವತ್ತು ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದವರು ಕೇಳಿದರು, "ದೋಣೀಲಿ ಓಗಿ, ಕಾಡೊಳಗೆ ನಡ್ದು, ಗವಿ ಗುಡಿಯೊಳಕ್ಕೆ ಬಗ್ಗಿ ಓಗ್ಬೇಕಂತೆ, ನಿಜಾನಾ ಬೀಗಿತಮ್ಮ?" ನಿಜ ಎಂದೆ. "ಕತ್ಲೇನಾ?" ನಮ್ಮ ಕೈ ನಮಗೆ ಕಾಣದಷ್ಟು ಎಂದೆ. "ಅಂಗಾದ್ರೆ ನನ್ನೆಸ್ರು ಬರ್ಕೊಳ್ಳಿ" ಎಂದರು.

ದೀಪ ಉರಿಸಿಕೊಂಡೇ ಮಲಗುವ ಹೆಂಗಸು! ಮೂವತ್ತನಾಲ್ಕು ವರ್ಷದಿಂದ ಅವರ ಕೋಣೆಯ ಬಲ್ಬು ಆರಿಲ್ಲ ಎಂದು ನೀನೇ ಕರೆಂಟು ಬಿಲ್ಲು ಹಿಡಿದು ಗೊಣಗಿದವಳು. ಅಂಬರೀಶ ಒಳಗಿನಿಂದ ಬಂದು, "ಬ್ಯಾಡ ಅತ್ತೆ, ನಮ್ಮಮ್ಮಂಗೆ ಕತ್ಲೆ ಆಗಲ್ಲ, ಬೀದಿ ಕೊನೆ ಗುಡಿ ಸಾಕು" ಎಂದ. ಚೌಡಮ್ಮನವರು ಸಿಪ್ಪೆ ಕೊಡವಿಕೊಂಡು ಎದ್ದು, ದುಡ್ಡು ತಂದು ನನ್ನ ಕೈಗಿಟ್ಟರು.

ಅವನ ಭಯ ನನಗೆ ಗೊತ್ತಿಲ್ಲದ್ದೇ? ಬೀಗರು ಮುನಿಸ್ವಾಮಪ್ಪನವರು ಗಣಿಗಿಳಿದ ದಿನ ಒಳಗೆ ಬಂಡೆ ಸಿಡಿದು ಏರ್‌ಬ್ಲಾಸ್ಟ್ ಆದಾಗ ಅವನಿಗೆ ಮೂರು ವರ್ಷ. ಗಣಿಯ ಪದ್ಧತಿ ನಿನಗೂ ಗೊತ್ತು. ಇಳಿಯುವವನು ತನ್ನ ನಂಬರಿನ ಟೋಕನನ್ನು ಮೇಲೆ ಬಿಟ್ಟು ಹೋಗಬೇಕು, ಹತ್ತಿ ಬಂದವನು ತೆಗೆದುಕೊಳ್ಳಬೇಕು. ಮೊಳೆಯ ಮೇಲೆ ಟೋಕನ್ ಇದ್ದರೆ ಮನುಷ್ಯ ಇನ್ನೂ ಒಳಗಿದ್ದಾನೆ ಎಂದರ್ಥ. ಮುನಿಸ್ವಾಮಪ್ಪನವರದು ನಾಲ್ಕು ದಿನ ತೂಗುತ್ತಿತ್ತು. ಹೆಂಗಸರು ಗಣಿಗೆ ಇಳಿಯುವಂತಿರಲಿಲ್ಲ. ಕಂಕುಳಲ್ಲಿ ಮಗು ಎತ್ತಿಕೊಂಡು ಚೌಡಮ್ಮನವರು ನಾಲ್ಕೂ ದಿನ ಗೇಟಿನ ಹೊರಗೆ ನಿಂತರು. ಒಳಗೆ ಹೋದವರು ಬರುವುದಿಲ್ಲ ಎಂದು ಆ ಮಗು ಅಲ್ಲೇ ಕಲಿತದ್ದು.

ಆ ಟೋಕನ್ ಪದ್ಧತಿಯನ್ನೇ ನಾನು ಪ್ರವಾಸಕ್ಕೆ ತಂದೆ, ಆದರೆ ತಿರುಗಿಸಿ. ಸೀರೆ ಡಬ್ಬಿಯ ರಟ್ಟು ಕತ್ತರಿಸಿ ಇಪ್ಪತ್ತೆರಡು ನಂಬರು ಬರೆದು, ಒಂದು ಹಲಗೆಗೆ ಇಪ್ಪತ್ತೆರಡು ಮೊಳೆ ಹೊಡೆದೆ. ದೋಣಿ ಇಳಿಯುವಾಗ ಟೋಕನ್ ತೆಗೆದುಕೊಂಡು ಹೋಗಬೇಕು, ಹತ್ತಿದಾಗ ತಂದು ನೇತುಹಾಕಬೇಕು. ಹಲಗೆ ತುಂಬಿದರೆ ಎಲ್ಲರೂ ಬಂದಂತೆ.

ಪಾತಾಳಗಂಗೆಯ ಮೆಟ್ಟಿಲಿಳಿದು ದೋಣಿ ಹತ್ತಿದೆವು. ಎರಡೂ ಕಡೆ ಗೋಡೆಯಂತೆ ಬೆಟ್ಟ, ಮೇಲೆ ನಲ್ಲಮಲ ಕಾಡು. ಗಂಟೆಗೂ ಮೀರಿ ಹೋದ ಮೇಲೆ ಇಳಿದು, ಕಲ್ಲುದಾರಿ ಹತ್ತಿ, ಪಾಳುಬಿದ್ದ ಹಳೇ ಗುಡಿಗಳನ್ನು ದಾಟಿದರೆ ಅಕ್ಕಮಹಾದೇವಿ ತಪಸ್ಸಿಗೆ ಕುಳಿತಳೆನ್ನುವ ಗವಿ. ದೋಣಿಯವನ ಅಣ್ಣ ಟಾರ್ಚು ಹಿಡಿದು ದಾರಿ ತೋರಿಸಿದ. ಒಳಗೆ ಒಂದು ಸೀಳಿನಲ್ಲಿ ಓರೆಯಾಗಿ ನುಸುಳಬೇಕು, ಕೊನೆಗೆ ಲಿಂಗ. ಸುಮಲತ ಅರ್ಧಕ್ಕೇ ಸಿಕ್ಕಿಕೊಂಡು, "ಅಕ್ಕಾ, ನನ್ನ ದೇವ್ರು ಈಚೇನೇ ಅವ್ನೆ, ಎಳೀರಿ" ಎಂದು ಕೂಗಿದಳು. ಚೌಡಮ್ಮನವರು ಎಲ್ಲರಿಗಿಂತ ಹಿಂದೆ ಒಳಗೆ ಹೋದರು.

ವಾಪಸ್ ಬಂದು ಹಲಗೆ ನೋಡಿದೆ. ತುಂಬಿತ್ತು. ದೋಣಿ ಬಿಡಲು ಹೇಳಿದೆ. ನಡೆದ ತಪ್ಪು ಇಷ್ಟೇ. ಗಣಿಯವನ ಹೆಂಡತಿ, ಗಣಿಯ ಅಭ್ಯಾಸದಂತೆ, ಇಳಿಯುವಾಗ ತನ್ನ ಒಂಬತ್ತನೇ ಟೋಕನನ್ನು ಮೊಳೆಯ ಮೇಲೇ ಬಿಟ್ಟಿದ್ದರು. ನನ್ನ ಹಲಗೆಗೆ ಅವರು ಬಂದಂತೆ, ಅವರ ಲೆಕ್ಕಕ್ಕೆ ಅವರು ಇನ್ನೂ ಒಳಗೆ.

ನದಿಯ ತಿರುವು ದಾಟುತ್ತಲೇ ಪುಣ್ಯಕ್ಕೆ ಎಂಜಿನ್ ಕೆಟ್ಟು ನಿಂತಿತು. ಆಗ ಸುಮಲತ ಖಾಲಿ ಜಾಗ ನೋಡಿ ಚೀರಿದಳು, ಚೀರುತ್ತಲೇ ವೀಡಿಯೋ ಮಾಡಿ ಅಂಬರೀಶನಿಗೆ ಕಳಿಸಿದಳು. ಅವಳ ಕೈಯಲ್ಲಿ ಫೋನಿತ್ತು, ಬಲಗಾಲಲ್ಲಿ ಚಪ್ಪಲಿ ಇರಲಿಲ್ಲ. ಎಂಜಿನ್ ಸರಿಯಾಗಿ ನಾವು ಹಿಂದಿರುಗಿದಾಗ ಚೌಡಮ್ಮನವರು ದಡದ ಬಂಡೆಯ ಮೇಲೆ ಕುಳಿತಿದ್ದರು. ಮೊಣಕಾಲು, ಹಣೆ ಎಲ್ಲ ಮಣ್ಣು. "ಏನು ಇಷ್ಟ್ ಬೇಗ ಬಂದ್ಬಿಟ್ರಿ?" ಎಂದರು. ಅಳಲಿಲ್ಲ, ಬೈಯಲಿಲ್ಲ. ದೋಣಿ ಹತ್ತಿ, ಉಳಿದಿದ್ದ ಪುಳಿಯೋಗರೆಯನ್ನೆಲ್ಲ ತಿಂದರು.

ನಾನು ನಿಮ್ಮ ಲೈನುಗಳಲ್ಲಿ ತಲೆಯ ಮೇಲೆ ಸೀರೆ ಗಂಟು ಹೊತ್ತು ಅಂಗಡಿ ಕಟ್ಟಿದವಳು. ಯಾವ ಮನೆಯದು ಎಷ್ಟನೇ ಕಂತು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಒಂದು ಸಲ ಎಣಿಕೆ ತಪ್ಪಿತು, ಆಯಿತು. ತಪ್ಪಿದೆ ಎನ್ನುತ್ತೇನೆ, ಕ್ಷಮಿಸು ಎನ್ನುವುದಿಲ್ಲ. ನಿನ್ನ ಅತ್ತೆ ಈಗ ನನ್ನ ಅಂಗಡಿಯಲ್ಲಿ ಸೀರೆ ಮಡಿಸುತ್ತಿದ್ದಾರೆ, ಬಂದವರಿಗೆ ಬಣ್ಣ ಕೂಡ ಆರಿಸಿಕೊಡುತ್ತಾರೆ. ಅವರೇನು ಇಳಿಸಿಬರಲು ಸರಕೇ? ಮನಸ್ಸಾದ ದಿನ ತಾವೇ ಬಸ್ಸು ಹತ್ತುತ್ತಾರೆ. ಮುಂದಿನ ಪ್ರವಾಸದ ಪಟ್ಟಿಯಲ್ಲಿ ಮೊದಲ ಹೆಸರು ಅವರದು. ಅಂಬರೀಶ ಸಿಟ್ಟು ಮಾಡಿಕೊಳ್ಳಲಿ. ಅವನ ಭಯಕ್ಕೆ ನಾನು ಮರ್ಯಾದೆ ಕೊಡುತ್ತೇನೆ, ಅದರ ಕೈಗೆ ಅವನ ತಾಯಿಯನ್ನು ಕೊಡುವುದಿಲ್ಲ.

ಬರುವುದು ಬಿಡುವುದು ನಿನ್ನಿಷ್ಟ. ನೀನು ಕೇಳಿದ್ದ ನೀಲಿ ಸೀರೆಯನ್ನು ಮಾತ್ರ ಯಾರಿಗೂ ಮಾರಿಲ್ಲ.

ಇಂತಿ, ಬಗ್ಗದ ನಿನ್ನ ಅಮ್ಮ,
ಅಮ್ಮಾಜಮ್ಮ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಕವರು ಅಂಟಿಸುವ ಮುಂಚೆ ಚೌಡಮ್ಮನವರಿಗೆ ಓದಿ ಹೇಳಿದೆ. "ನನ್ನ ಮಾನ ಉಳ್ಸಾಕೆ ನೀವ್ಯಾಕೆ ಲೆಕ್ಕ ತಪ್ಪಿದೋಳು ಅನ್ನಿಸ್ಕೊಂತೀರ? ಇದ್ದಿದ್ದು ಇದ್ದಂಗೆ ಬರೀರಿ" ಎಂದು ಪೆನ್ನು ಕೈಗೆ ಕೊಟ್ಟು ಪಕ್ಕದಲ್ಲೇ ಕುಳಿತಿದ್ದಾರೆ. ಆದ್ದರಿಂದ ಬರೆಯುತ್ತೇನೆ. ಲೆಕ್ಕ ತಪ್ಪಿರಲಿಲ್ಲ. ಎಂಜಿನ್ನೂ ಕೆಟ್ಟಿರಲಿಲ್ಲ. ದೋಣಿ ಇಳಿಯುವಾಗಲೇ ಅವರು ನನ್ನ ಕೈ ಹಿಡಿದು ಕೇಳಿದ್ದರು: "ನಾಕು ದಿನ ಗೇಟತ್ರ ಕಾದೆ, ಒಳಕ್ಕೆ ಬಿಡ್ಲಿಲ್ಲ. ಅವ್ರು ಕೂತಂಗೆ ನಾನೂ ಅರ್ಧ ಗಂಟೆ ಕತ್ಲೇಲಿ ಕೂರ್ಬೇಕು. ಯಾರೂ ಕೂಗ್ಬಾರ್ದು. ಟೋಕನ್ ಮೊಳೇಲೇ ಇರ್ಲಿ." ತಿರುವಿನ ಆಚೆ ಎಂಜಿನ್ ಆರಿಸಲು ದೋಣಿಯವನಿಗೆ ಹೇಳಿದವಳು ನಾನು. ಗವಿಯ ಬಾಯಲ್ಲಿ ಅವನ ಅಣ್ಣ ಅಷ್ಟು ಹೊತ್ತೂ ಕಾವಲಿದ್ದ. ಅಲ್ಲಿಂದ ಬಂದಾಗಿನಿಂದ ಅವರು ದೀಪ ಆರಿಸಿಯೇ ಮಲಗುತ್ತಿದ್ದಾರೆ.

ಇನ್ನು ಯಾರಿಗೆ ಏನು ಬಂತೆಂದು ಬರೆದು ಮುಗಿಸುತ್ತೇನೆ. ದೋಣಿಯವನಿಗೆ ಮಾತಾಡಿದ ಬಾಡಿಗೆಗಿಂತ ಐನೂರು ಹೆಚ್ಚು. ಕೋತಿಗಳಿಗೆ ಚಿತ್ರಾನ್ನ. ಸುಮಲತಳಿಗೆ ವರ್ಷಪೂರ್ತಿ ಹೇಳುವಷ್ಟು ಸುದ್ದಿ. ನನಗೆ ಅಂಗಡಿಯಲ್ಲಿ ಜೊತೆ. ಚೌಡಮ್ಮನವರಿಗೆ ಅರ್ಧ ಗಂಟೆ. ಅಂಬರೀಶನಿಗೆ, ಒಳಗೆ ಹೋಗಿ ಹೊರಗೆ ಬಂದ ತಾಯಿ.