ಅಕ್ಕನ ವ್ಯಾನಿಗೆ ಕಟ್ಟಿದ ಬೆಲೆ

ಏಪ್ರಿಲ್ 22, ಸೋಮವಾರ

ಇವತ್ತೂ ಗಾಜಿನ ಮೇಲಿನ ಬೆಲೆ ಒರೆಸಿ ಬರೆದದ್ದೇ ಕೆಲಸ. ಹಳೆ ಗಾಡಿಗಳ ಸಾಲು ಪೂರ್ತಿ. ಒದ್ದೆ ಬಟ್ಟೆ, ಬಿಳಿ ಮಾರ್ಕರ್. ಹೋದ ವಾರಕ್ಕಿಂತ ಕಡಿಮೆ. ಕೊಳ್ಳುವವರು ಬಂದರೆ ತಾನೆ! ಬಂದವರೂ ಒಂದು ಸುತ್ತು ನೋಡಿ, "ಇನ್ನೊಂದ್ ವಾರ ಬಿಟ್ಟು ಬರ್ತೀವಿ" ಎಂದು ನಕ್ಕು ಹೋಗುತ್ತಾರೆ. ಇನ್ನೂ ಇಳಿಯುತ್ತದೆಂದು ಗೊತ್ತು, ಅವರೇನು ದಡ್ಡರೇ? ಒಳಗೆ ಶೋರೂಮಿನಲ್ಲಿ ಹೊಸ ಕಾರುಗಳ ಮಧ್ಯೆ ಸೇಲ್ಸಿನವರು ನೊಣ ಹೊಡೆಯುತ್ತಿದ್ದಾರೆ.

ಮಧ್ಯಾಹ್ನ ಹಲ್ಲಿನ ಡಾಕ್ಟರೊಬ್ಬರು ಕಾರು ಮಾರಲು ತಂದರು. ಮೂರೂವರೆ ಲಕ್ಷ ಬೇಕಂತೆ. ನಾನು ಮಾತಾಡಲಿಲ್ಲ. ಅದೇ ನನ್ನ ವಿದ್ಯೆ. ಕಾರಿನ ಸುತ್ತ ನಿಧಾನಕ್ಕೆ ನಡೆಯಬೇಕು. ಬಾಗಿಲಿನ ಅಂಚಿನ ಮೇಲೆ ಬೆರಳು. ಗೀರು ಇದ್ದ ಕಡೆ ಬೆರಳು ನಿಲ್ಲಬೇಕು, ಇಲ್ಲದ ಕಡೆಯೂ ಒಮ್ಮೆ ನಿಲ್ಲಬೇಕು. "ಹ್ಮ್" ಅನ್ನಬೇಕು. ಅಷ್ಟೇ. ಎರಡನೇ ಬಾಗಿಲು ದಾಟುವಷ್ಟರಲ್ಲಿ ಡಾಕ್ಟರೇ "ಮೂರಾದ್ರೂ ಪರ್ವಾಗಿಲ್ಲ" ಎಂದರು. ಹಿಂದಿನ ಬಂಪರ್ ತಲುಪುವಾಗ ಎರಡು ಮುಕ್ಕಾಲು. ಪಾಪ, ದಿನವಿಡೀ ಬೇರೆಯವರ ಬಾಯಿ ತೆರೆಸುವ ಮನುಷ್ಯ.

ಟಾರ್ಚ್ ಪಕ್ಕದಲ್ಲೇ ನಿಂತು ನೋಡಿದ. ಸರ್ವೀಸ್ ಸೆಕ್ಷನ್ನಿನಿಂದ ಈಚೆಗೆ ನನ್ನ ಕೈಕೆಳಗೆ ಹಾಕಿದ್ದಾರೆ. ನನ್ನ ವಯಸ್ಸಿನವನೇ. ಕೈಯಲ್ಲಿ ಸದಾ ಟಾರ್ಚು, ಅದಕ್ಕೇ ಆ ಹೆಸರು. "ನೀವು ಬೆಲೆ ಹೇಳ್ಲೇ ಇಲ್ವಲ್ಲ ಗುರುಗಳೇ" ಅಂದ. ಹೇಳದಿರುವುದೇ ಕೆಲಸ ಕಣಯ್ಯ ಎಂದೆ. ಸ್ವಲ್ಪ ಜಂಬವೂ ಬಂತು, ಸುಳ್ಳೇಕೆ.

ಏಪ್ರಿಲ್ 24

ಅಕ್ಕನ ಫೋನು. ದನಿ ಸರಿಯಿರಲಿಲ್ಲ.

"ಎಂಟು ವರ್ಷಕ್ಕಿಂತ ಹಳೇ ವ್ಯಾನು ಈ ಸಲ ಶಾಲೆಯವ್ರಿಗೆ ಬೇಡವಂತೆ ಕಣೋ. ಶಾಲೆ ಶುರುವಾಗೋದ್ರೊಳಗೆ ಬೇರೆ ತರ್ಬೇಕಂತೆ. ಇಲ್ದಿದ್ರೆ ನನ್ನ ರೂಟು ಇನ್ಯಾರಿಗೋ."

ಅವಳ ವ್ಯಾನಿಗೆ ಒಂಬತ್ತು. ಶಾಲೆಯ ಮಕ್ಕಳನ್ನು ಅದರಲ್ಲೇ ಕರೆದೊಯ್ಯುತ್ತಾಳೆ, ಮಕ್ಕಳೆಲ್ಲ ವ್ಯಾನಕ್ಕ ಎನ್ನುತ್ತಾರೆ. ಭಾವನಿಗೆ ಸ್ಟೇರಿಂಗ್ ಮುಟ್ಟಲೂ ಬಿಡುವುದಿಲ್ಲ. "ನಿಂಗೆ ಹಾರನ್ ಹೊಡೆಯೋದಷ್ಟೇ ಗೊತ್ತು" ಎಂದು ಎಲ್ಲರೆದುರೇ ರೇಗಿಸುತ್ತಾಳೆ. ಆ ರೂಟು ಹೋದರೆ ಅವಳ ಬದುಕೇ ಮಗುಚಿದ ಹಾಗೆ.

ಬೇರೆ ಡೀಲರ್ ಒಬ್ಬ ಹಳೆಯದಕ್ಕೆ ಎರಡು ಲಕ್ಷ ಅರವತ್ತು ಸಾವಿರ ಕೊಡುತ್ತಾನಂತೆ. ಕೊಡಲಾ ಎಂದಳು. ಬೇಡ ಎಂದೆ. ತಿಂಗಳ ಕೊನೆಗೆ ಕಂಪನಿ ಸ್ಕೀಮ್ ಬಿಡುತ್ತದೆಂದು ಮ್ಯಾನೇಜರ್ ಬಾಯಿ ಬಿಟ್ಟಿದ್ದಾರೆ. ಪ್ರತಿ ವರ್ಷ ಬರುವುದು ಎಕ್ಸ್‌ಚೇಂಜ್ ಬೋನಸ್ — ಹಳೆ ಗಾಡಿ ಕೊಟ್ಟವರಿಗೆ ಅದರ ಬೆಲೆಯ ಮೇಲೆ ಇನ್ನಷ್ಟು. ಒಂದು ವಾರ ತಡಿ ಅಕ್ಕ, ನಾನಿದ್ದೀನಲ್ಲ ಎಂದೆ.

"ನೀನಿದ್ಮೇಲೆ ನಂಗೇನು ಬಿಡು" ಎಂದಳು. ದನಿ ಹಗುರವಾಯಿತು.

ಮೇ 2

ಬೋನಸ್ ಅಲ್ಲ. ಹೊಸ ಗಾಡಿಯ ಬೆಲೆಯನ್ನೇ ಇಳಿಸಿಬಿಟ್ಟಿದ್ದಾರೆ. ಅರವತ್ತು ಸಾವಿರ, ಎಲ್ಲರಿಗೂ.

ಸೇಲ್ಸಿನವರು ಚಪ್ಪಾಳೆ ಹೊಡೆದರು. ನಾನು ಹೊರಗಿನ ಹಳೆ ಸಾಲಿನ ಕಡೆ ನೋಡಿದೆ. ಹೊಸದೇ ಅಷ್ಟು ಅಗ್ಗವಾದರೆ ಹಳೆಯದನ್ನು ಮೂಸಿ ನೋಡುವವರು ಯಾರು? ಅದರ ಮೇಲೆ ಊರಿನ ಶಾಲೆಗಳೆಲ್ಲ ಒಂದೇ ರೂಲ್ಸು ಮಾಡಿವೆ, ಹಳೆ ವ್ಯಾನುಗಳೆಲ್ಲ ಒಟ್ಟಿಗೇ ಮಾರಾಟಕ್ಕೆ ಬಂದಿವೆ. ಹೊಸದರಲ್ಲಿ ಅರವತ್ತು ಇಳಿದರೆ ಹಳೆ ವ್ಯಾನಿನಲ್ಲಿ ತೊಂಬತ್ತು ಹೋಗುತ್ತದೆ. ಮ್ಯಾನೇಜರ್ ಬಂದು ಎರಡೇ ಮಾತು ಹೇಳಿದರು: "ಹಳೇದನ್ನೆಲ್ಲ ಇಳಿಸಿ. ಇವತ್ತೇ."

ಒರೆಸಿದೆ. ಬರೆದೆ. ಮಧ್ಯೆ ಹೊರಗೆ ಹೋಗಿ ಆ ಬೇರೆ ಡೀಲರಿಗೆ ಫೋನ್ ಮಾಡಿದೆ. ಅವನು ಕಿಸಕ್ಕನೆ ನಕ್ಕ. "ಪೇಪರ್ ನೋಡಿಲ್ವಾ ಸಾರ್?"

ಮೇ 5, ಭಾನುವಾರ

ಅಕ್ಕ ಎರಡು ಸಲ ಫೋನ್ ಮಾಡಿದಳು. ಎತ್ತಲಿಲ್ಲ. ಸ್ನಾನ ಮಾಡ್ತಿದ್ದಾರೆ ಎಂದು ನನ್ನವಳು ಹೇಳಿದಳು. ಎರಡೂ ಸಲ ಸ್ನಾನ. "ಮೂರನೇ ಸಲಕ್ಕೆ ಬೇರೆ ಏನಾದ್ರೂ ಯೋಚಿಸಿಟ್ಕೊಳ್ಳಿ" ಎಂದು ನನ್ನ ಮುಖ ನೋಡಿದಳು.

ಸಂಜೆ ನಾನೇ ಮಾಡಿದೆ. ಸ್ಕೀಮು ಹೀಗಾಯ್ತು ಅಂದೆ. ಹಳೆಯದು ಎಷ್ಟು ಬಿದ್ದಿದೆ ಎಂದು ಹೇಳಲಿಲ್ಲ, ಸ್ವಲ್ಪ ಇಳಿದಿದೆ ಅಂದೆ. ಸ್ವಲ್ಪ!

"ಏರುತ್ತೇನೋ?"

ನೋಡೋಣ ಅಂದೆ. ನೋಡಲು ಏನೂ ಇರಲಿಲ್ಲ.

ಮೇ 20

ಅಕ್ಕ ವ್ಯಾನು ತಂದಳು. ತೊಳೆಸಿ, ಸೀಟಿಗೆ ಹೊಸ ಕವರು ಹಾಕಿಸಿ. ಒಳಗೆಲ್ಲ ಮಕ್ಕಳು ಅಂಟಿಸಿದ್ದ ಸ್ಟಿಕ್ಕರ್‌ಗಳನ್ನು ಕೂತು ಕೆರೆದಿದ್ದಾಳೆ. ಉಗುರಿನ ಬದಿ ಕೆಂಪಾಗಿತ್ತು.

ಸಂಬಂಧಿಕರ ಗಾಡಿಗೆ ನಾವು ಬೆಲೆ ಕಟ್ಟುವಂತಿಲ್ಲ. ಆಫೀಸಿನ ರೂಲ್ಸು. ಆ ಹೊತ್ತಿನಲ್ಲಿ ಹತ್ತಿರವೂ ಸುಳಿಯಬಾರದು. ಹಾಗಾಗಿ ವ್ಯಾನನ್ನು ಟಾರ್ಚ್ ಪರೀಕ್ಷಿಸಿದ. ನಾನು ಗಾಜಿನ ಕ್ಯಾಬಿನ್ನಿನಲ್ಲಿ ನಿಂತೆ. ಬಾಗಿಲು ತೆರೆದೇ ಇತ್ತು, ಎಲ್ಲ ಕೇಳುತ್ತಿತ್ತು.

ಅವನು ಮಾತಾಡಲಿಲ್ಲ. ನಿಧಾನಕ್ಕೆ ನಡೆದ. ಬಾಗಿಲಿನ ಅಂಚಿನ ಮೇಲೆ ಬೆರಳು. ಗೀರು ಇಲ್ಲದ ಕಡೆಯೂ ನಿಂತ. ನನ್ನದೇ ನಡಿಗೆ, ನನ್ನದೇ "ಹ್ಮ್".

"ಎರಡು ಅರವತ್ತು ಅಂತ ಹೇಳಿದ್ರು..." ಅಕ್ಕ ಶುರು ಮಾಡಿದಳು. ಅವನು ಬಗ್ಗಿ ವ್ಯಾನಿನ ಕೆಳಗೆ ಟಾರ್ಚಿನ ಬೆಳಕು ಬಿಟ್ಟ.

"ಅಲ್ಲೊಂದ್ ಸಲ ಕಲ್ಲು ತಾಗಿತ್ತು. ರಿಪೇರಿ ಮಾಡ್ಸಿದೀನಿ."

ಕೇಳಿದವರು ಯಾರು? ಅವಳೇ ಹೇಳಿದಳು. ಆಮೇಲೆ ಎರಡು ಇಪ್ಪತ್ತು ಎಂದಳು. ಆಮೇಲೆ ಎರಡು. ಒಮ್ಮೆ ತಿರುಗಿ ನನ್ನ ಕಡೆ ನೋಡಿದಳು — ಚಿಕ್ಕಂದಿನಲ್ಲಿ ಲೆಕ್ಕದ ಉತ್ತರ ಗೊತ್ತಾಗದಿದ್ದಾಗ ನಾನು ಅವಳ ಕಡೆ ನೋಡುತ್ತಿದ್ದೆನಲ್ಲ, ಹಾಗೆ. "ಅಕ್ಕ, ಬಾಯಿ ಮುಚ್ಚಿಕೊಂಡು ನಿಲ್ಲು" ಅಂದಿದ್ದರೆ ಸಾಕಿತ್ತು. ಮ್ಯಾನೇಜರ್ ಪಕ್ಕದ ಕುರ್ಚಿಯಲ್ಲೇ ಇದ್ದರು. ನಾನು ಫೋನು ತೆಗೆದು ನೋಡಿದೆ. ಫೋನಿನಲ್ಲಿ ಏನೂ ಇರಲಿಲ್ಲ.

ಒಂದು ಎಪ್ಪತ್ತೈದಕ್ಕೆ ನಿಂತಿತು. ಅದನ್ನೂ ಅವಳೇ ಹೇಳಿದ್ದು.

ಸೇಲ್ಸಿನವನು ಹೊಸ ವ್ಯಾನಿಗೆ ಲೆಕ್ಕ ಹಾಕಿ ಕೊಟ್ಟ. ತಿಂಗಳ ಕಂತು ಅವಳ ರೂಟಿನ ಸಂಪಾದನೆಗಿಂತ ಹೆಚ್ಚು. ಎಂಟು ದಾಟದ ಹಳೆ ವ್ಯಾನು ನಮ್ಮಲ್ಲಿ ಒಂದೂ ಇರಲಿಲ್ಲ. ಅಕ್ಕ ಕ್ಯಾಲ್ಕುಲೇಟರನ್ನು ಅವನ ಕಡೆಗೇ ಸರಿಸಿದಳು. "ಹೊಸದು ಬೇಡ ಬಿಡಿ. ಹಳೇದರ ಚೆಕ್ ಕೊಟ್ಬಿಡಿ. ಇಟ್ಕೊಂಡ್ರೆ ಇನ್ನೂ ಇಳಿಯತ್ತಲ್ಲ?" ಪ್ರಶ್ನೆ ನನಗೆ. ಹೌದು ಎಂದೆ. ಇಡೀ ದಿನದಲ್ಲಿ ನಾನಾಡಿದ ನಿಜ ಅದೊಂದೇ.

ಬಸ್ ಸ್ಟಾಪಿನವರೆಗೆ ಬಿಟ್ಟು ಬಂದೆ. ಬಸ್ಸು ಹತ್ತುವಾಗ ಯಾವ ಬಾಗಿಲೆಂದು ತಡವರಿಸಿದಳು.

ಮೇ 21

ಟಾರ್ಚ್ ಹತ್ತಿರ ಬಂದು, "ಸರಿಯಾಗಿ ಮಾಡಿದ್ನಾ ಗುರುಗಳೇ?" ಎಂದ. ಗೇಲಿಯಲ್ಲ. ನಿಜಕ್ಕೂ ಕೇಳಿದ.

ಚೆನ್ನಾಗಿ ಮಾಡಿದೆ ಅಂದೆ.

ಜೂನ್ 3, ಸೋಮವಾರ

ಶಾಲೆ ಶುರು. ಅಕ್ಕ ಈಗ ಬೇರೊಬ್ಬರ ವ್ಯಾನಿನಲ್ಲಿ ಆಯಾ. ಮಕ್ಕಳನ್ನು ಹತ್ತಿಸುವುದು, ಇಳಿಸುವುದು, ಬಾಗಿಲು ಹಾಕುವುದು. ಅವಳದೇ ರೂಟು, ಅವಳದೇ ಮಕ್ಕಳು. ಸ್ಟೇರಿಂಗ್ ಮಾತ್ರ ಬೇರೆಯವರದು.

"ಆರಾಮಾಗಿದೀನಿ ಕಣೋ. ಟ್ರಾಫಿಕ್ಕಿನ ತಲೆನೋವಿಲ್ಲ" ಎಂದಳು. ಆ ಡ್ರೈವರ್ ಬ್ರೇಕು ಒತ್ತಿದಾಗೆಲ್ಲ ಇವಳ ಕಾಲೂ ಒತ್ತುತ್ತದಂತೆ. ನಕ್ಕಳು. ನಾನೂ ನಕ್ಕೆ. ಫೋನಿಟ್ಟೆ.

ಜೂನ್ 10, ಸೋಮವಾರ

ಅವಳ ವ್ಯಾನು ಇನ್ನೂ ನಮ್ಮ ಯಾರ್ಡಿನಲ್ಲೇ, ಹಳೆ ಗಾಡಿಗಳ ಸಾಲಿನಲ್ಲಿದೆ. ಮೊದಲು ಎರಡು ಹತ್ತು ಬರೆದಿದ್ದೆ. ಆಮೇಲೆ ಒಂದು ತೊಂಬತ್ತು. ಇವತ್ತು ಒಂದು ಅರವತ್ತೈದು — ನಾವು ಕೊಟ್ಟದ್ದಕ್ಕಿಂತ ಕಡಿಮೆ. ಆದರೂ ಯಾರೂ ಕೇಳುತ್ತಿಲ್ಲ. ಶೋರೂಮಿನ ಯಜಮಾನರು ಬಂದು ಸಾಲು ನೋಡಿ ವಾಪಸು ಹೋದರು. ಅವರೂ ಸೋತಿದ್ದಾರೆ.

ಹಾಗಾದರೆ ಅಕ್ಕನಿಗೆ ಮೋಸವಾಯಿತೇ, ಲಾಭವಾಯಿತೇ? ಇಷ್ಟು ವರ್ಷ ಇದೇ ಕೆಲಸ ಮಾಡಿಯೂ ನನಗೆ ಹೇಳಲು ಬರುವುದಿಲ್ಲ. ಯಾರ ಮೇಲೆ ಸಿಟ್ಟಾಗಲಿ? ಒಬ್ಬ ಸಿಕ್ಕಿದ್ದರೆ ಚೆನ್ನಾಗಿತ್ತು.

ಜೂನ್ 14

ಅಕ್ಕ ಸಂಜೆ ಮನೆಗೆ ಬಂದಳು. ಸಂಭ್ರಮದಲ್ಲಿದ್ದಳು. ಅವಳಿರುವ ವ್ಯಾನಿನ ಡ್ರೈವರಿಗೆ ನಮ್ಮ ಯಾರ್ಡಿನ ವಿಷಯ ಹೇಳಿದ್ದಾಳೆ. ಮುಂದಿನ ವರ್ಷ ಅವರ ವ್ಯಾನಿಗೂ ಎಂಟು ದಾಟುತ್ತದೆ, ಈಗಲೇ ಕೊಟ್ಟು ಹೊಸದು ತರುತ್ತಾರಂತೆ.

"ಬೇರೆ ಕಡೆ ಹೋದ್ರೆ ಟೋಪಿ ಹಾಕ್ತಾರೆ, ನಮ್ಮ ತಮ್ಮ ಇದಾನೆ ಅಂದೆ. ನೀನಿದ್ದಿದ್ದಕ್ಕೆ ತಾನೆ ನಂಗೆ ಅಷ್ಟಾದ್ರೂ ಸಿಕ್ಕಿದ್ದು? ನಂಗೆ ನೋಡಿದ ಹಾಗೇ ಅವ್ರಿಗೂ ನೋಡು. ಆಯ್ತಾ?"

ನನ್ನವಳು ಒಳಗೆ ಎದ್ದು ಹೋದಳು. ನಾನು ಆಯ್ತು ಎಂದೆ.

ಅವರು ನಮಗೆ ಸಂಬಂಧಿಕರಲ್ಲ, ನಾನೇ ಬೆಲೆ ಕಟ್ಟಬೇಕು. ಎಷ್ಟಕ್ಕೆ ಇಳಿಸಬೇಕೆಂದು ಮ್ಯಾನೇಜರ್ ಆಗಲೇ ಹೇಳಿದ್ದಾರೆ. ನಾಳೆ ಶಾಲೆಗೆ ರಜೆ, ಅಕ್ಕನೂ ಜೊತೆಗೆ ಬರುತ್ತಾಳಂತೆ. ಇಷ್ಟು ವರ್ಷವಾದರೂ ನಾನು ಕೆಲಸ ಮಾಡುವುದನ್ನು ಒಮ್ಮೆಯೂ ನೋಡಿಲ್ಲವಂತೆ, ನೋಡಬೇಕಂತೆ. ಬೇಡ ಅಂದೆ. ಕೇಳಲಿಲ್ಲ. ಬೆಳಗ್ಗೆ ಹತ್ತಕ್ಕೆ, ಅವಳ ಕಣ್ಣೆದುರಿಗೇ ನಾನು ಆ ವ್ಯಾನಿನ ಸುತ್ತ ನಿಧಾನಕ್ಕೆ ನಡೆಯಬೇಕು, "ಹ್ಮ್" ಅನ್ನಬೇಕು.