ಕೆಂಪು ಕಾಗದದೊಳಗಿನ ಹತ್ತಿ

ರೀ,

ಮನೆಯ ಮಾನಕ್ಕೆ ಸಂಬಂಧಪಟ್ಟ ಗಂಭೀರ ವಿಚಾರ, ಕೂತು ಓದಿ.

ಡಬ್ಬಿಯಲ್ಲಿದ್ದ ಕೆಂಪು ಕಾಗದದ ಚಾಕೊಲೇಟುಗಳೆಲ್ಲ ಮಾಯವಾಗಿ, ಕಾಗದದೊಳಗೆ ಹತ್ತಿಯ ಉಂಡೆಗಳು ಕೂತಿವೆ. "ಅಪ್ಪಂದೇ ಕೆಲಸ, ಶುಗರ್ ಇರೋರಿಗೇ ನಾಲಿಗೆ ಚಪಲ ಜಾಸ್ತಿ" ಅಂತ ನಿನ್ನೆ ಕೂಗಾಡಿದಿರಿ. ಮಾವನವರು ಬೆಳಿಗ್ಗೆಯಿಂದ ಏನೂ ತಿಂದಿಲ್ಲ.

ಅವರ ಕೈ ನಡುಗುತ್ತದೆ, ಅಂಗಿಯ ಗುಂಡಿ ಹಾಕಲೂ ಆಗದು. ಈ ಕಾಗದಗಳನ್ನೋ, ಯಾರೋ ಔಷಧಿ ಪುಡಿಯ ಪೊಟ್ಟಣದ ಹಾಗೆ ಮೂಲೆಗೆ ಮೂಲೆ ಕೂಡಿಸಿ ಮಡಚಿದ್ದಾರೆ. ಈ ಮನೆಯಲ್ಲಿ ಕಂಪೌಂಡರ್ ಕೆಲಸ ಮಾಡುವವರು ಒಬ್ಬರೇ. ನಾನು ಯಾರ ಹೆಸರನ್ನೂ ಎತ್ತುತ್ತಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಜನ ತಮ್ಮ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ; ನೀವು ಅಪ್ಪನ ಹೆಗಲು ಮುಟ್ಟಿ ನೋಡಿದಿರಿ.

ಅನ್ನ ಬಿಸಿ ಮಾಡಿ, ಪಕ್ಕದಲ್ಲಿ ಕೂತು ಬಡಿಸಿ. ತಪ್ಪಾಯಿತು ಅನ್ನಿ.

ನಿಮ್ಮ ಬ್ಯಾಗಿನ ತಳದಲ್ಲಿ ಸಿಕ್ಕ ಉಳಿದ ಚಾಕೊಲೇಟುಗಳನ್ನು ನಾನು ಆಫೀಸಿಗೆ ತೆಗೆದುಕೊಂಡು ಹೋಗಿದ್ದೇನೆ.